ಡಬ್ಬಿಯ ಮೇಲಿನ ಹೆಸರು

ಬ್ರಹ್ಮಾವರ
3 ಜುಲೈ 2024

ಸೌಮ್ಯಶ್ರೀ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನಾನು ಮಂಜಯ್ಯ ಶೆಟ್ಟಿ. ಬೈಂದೂರು–ಕುಂದಾಪುರ–ಉಡುಪಿ ಲೈನಿನಲ್ಲಿ ಮೂವತ್ತೊಂದು ವರ್ಷ ಎಕ್ಸ್‌ಪ್ರೆಸ್ ಬಸ್ ಓಡಿಸಿದವನು. ಎರಡು ವರ್ಷದ ಹಿಂದೆ ಸಾಕೆನಿಸಿತು, ಬಿಟ್ಟೆ. ಬೈಂದೂರಿನ ಸ್ಟ್ಯಾಂಡಿನ ಎದುರು ನಿಮ್ಮ ಕಂಪ್ಯೂಟರ್ ರಿಪೇರಿಯ ಬೋರ್ಡನ್ನು ದಿನಕ್ಕೆ ಮೂರು ಸಲ ನೋಡುತ್ತಿದ್ದೆ. ಈ ಕಾಗದ ತಂದುಕೊಟ್ಟ ಕಂಡಕ್ಟರ್ ಚಂದು ನನ್ನ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಇದ್ದವ. ಅವನ ಕೈಯಲ್ಲೇ ಒಂದು ಕಂಪ್ಯೂಟರ್ ಡಬ್ಬಿ ಕಳಿಸಿದ್ದೇನೆ.

ಡಬ್ಬಿ ನನ್ನ ಅಳಿಯ ಮಿಥುನನದು. ನಾನು ಇರುವುದು ಅಕ್ಕ ಗುಲಾಬಿಯ ಮನೆಯಲ್ಲಿ. ಅವಳ ಮಗ ಅವನು, ಕೋಟೇಶ್ವರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅದರಲ್ಲಿ ಬಸ್ ಓಡಿಸುವ ಗೇಮು ಆಡುತ್ತಾನೆ. ಖಾಲಿ ರಸ್ತೆಯಲ್ಲಿ ತೊಂದರೆ ಇಲ್ಲ. ಪೇಟೆಯೊಳಗೆ ಬಂದು ವಾಹನ, ಜನ ಹೆಚ್ಚಾದ ಕೂಡಲೇ ಚಿತ್ರ ನಿಂತುಬಿಡುತ್ತದೆ. ನಿಂತದ್ದು ಮತ್ತೆ ಹೊರಡುವಷ್ಟರಲ್ಲಿ ಎದುರಿಗೆ ಯಾರೋ ಇರುತ್ತಾರೆ, ಬ್ರೇಕ್ ಹಾಕಲಿಕ್ಕೆ ಸಮಯವೇ ಇರುವುದಿಲ್ಲ. ಹಾಗಂತ ಅವನು ಹೇಳುತ್ತಾನೆ. ಪ್ರೊಸೆಸರ್ ಬದಲಾಯಿಸಿದರೆ ಸರಿಯಾದೀತೇ, ಅಥವಾ ಹಳೆ ಬಸ್ಸಿಗೆ ಹೊಸ ಇಂಜಿನ್ ಕೂರಿಸಿದ ಹಾಗೆ ದಂಡವೇ?

ಬ್ರಹ್ಮಾವರದಲ್ಲಿ ಅಂಗಡಿ ಇಲ್ಲವೆಂದಲ್ಲ. ಇಲ್ಲಿ ಎಲ್ಲರೂ ಗುರುತಿನವರು. ಆಟದ ಸುದ್ದಿ ಊರೆಲ್ಲ ಹರಡುವುದು ಬೇಡ. ದಯವಿಟ್ಟು ಫೋನ್ ಮಾಡಬೇಡಿ, ನನ್ನ ಫೋನನ್ನು ಹೆಚ್ಚಾಗಿ ಅಕ್ಕನೇ ಎತ್ತುವುದು. ಬರೆದು ಚಂದುವಿನ ಕೈಯಲ್ಲಿ ಕೊಡಿ. ಡಬ್ಬಿಯ ಮೇಲೆ ಮಿಥುನನ ಹೆಸರು ಬರೆದಿದ್ದೇನೆ, ವಾಪಸ್ ಕಳಿಸುವಾಗಲೂ ಅದೇ ಇರಲಿ.

ಮಂಜಯ್ಯ ಶೆಟ್ಟಿ

*

ಬೈಂದೂರು
6 ಜುಲೈ 2024

ಶೆಟ್ರೆ,

ಫೋನ್ ಮಾಡಬೇಡಿ ಎಂದು ಗಿರಾಕಿ ಹೇಳಿದ್ದು ನನ್ನ ಹತ್ತು ವರ್ಷದ ಅಂಗಡಿಯಲ್ಲಿ ಇದೇ ಮೊದಲು. ಕಾಗದ ಬರೆದು ಅಭ್ಯಾಸವಿಲ್ಲ. ಎಡವಿದರೆ ಸುಧಾರಿಸಿಕೊಳ್ಳಿ.

ಮೊದಲು ಒಂದು ಪ್ರಶ್ನೆ. ಒಳಗಿನ ತಗಡಿಗೂ ಫ್ಯಾನಿನ ರೆಕ್ಕೆಗೂ ತೆಂಗಿನೆಣ್ಣೆ ಹಚ್ಚಿದ್ದು ಯಾರು? ಎಣ್ಣೆಗೆ ಧೂಳು ಹಿಡಿದು ಕಂಬಳಿಯಾಗಿತ್ತು. ಅರ್ಧ ದಿನ ಅದನ್ನು ಉಜ್ಜುವುದರಲ್ಲೇ ಹೋಯಿತು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಂತ್ರಕ್ಕೆ ಹನ್ನೊಂದು ವರ್ಷ ಪ್ರಾಯ. ಗ್ರಾಫಿಕ್ಸ್ ಕಾರ್ಡು ಚೆನ್ನಾಗಿದೆ, ತಪ್ಪು ಅದರದ್ದಲ್ಲ. ಪೇಟೆಯಲ್ಲಿ ಪ್ರತಿಯೊಂದು ಗಾಡಿ ಎಲ್ಲಿ ಹೋಗಬೇಕು, ಪ್ರತಿಯೊಬ್ಬ ಮನುಷ್ಯ ಎಲ್ಲಿ ದಾಟಬೇಕು ಎಂದು ಲೆಕ್ಕ ಹಾಕುವುದು ಪ್ರೊಸೆಸರಿನ ಕೆಲಸ. ನಿಮ್ಮದು ಆ ಕಾಲದ ಸಣ್ಣ ಪ್ರೊಸೆಸರ್, ಅಷ್ಟು ಜನರನ್ನು ಒಟ್ಟಿಗೆ ನೋಡಲು ಅದಕ್ಕೆ ಆಗುವುದಿಲ್ಲ. ಅದೇ ಬೋರ್ಡಿಗೆ ಕೂರುವ ದೊಡ್ಡದೊಂದು ಸೆಕೆಂಡ್ ಹ್ಯಾಂಡ್ ನನ್ನಲ್ಲಿದೆ. ಹಾಕಿದರೆ ಪೇಟೆ ದಾಟುತ್ತದೆ. ಹೊಸ ಪ್ರೊಸೆಸರ್ ಬೇಕೆಂದರೆ ಬೋರ್ಡು, ಮೆಮೊರಿ ಎಲ್ಲ ಹೊಸದಾಗಬೇಕು, ಅದನ್ನು ನಾನು ಹೇಳುವುದಿಲ್ಲ.

ಪರೀಕ್ಷೆಗೆಂದು ಗೇಮು ತೆರೆದೆ. ಒಂದು ವರ್ಷದಲ್ಲಿ ಸಾವಿರದ ನೂರ ನಲವತ್ತು ಗಂಟೆ ಆಡಿದ್ದಾನೆ ನಿಮ್ಮ ಅಳಿಯ. ದಿನಾ ಹನ್ನೊಂದರಿಂದ ಎರಡು, ಕೆಲವು ದಿನ ಅದಕ್ಕಿಂತ ಹೆಚ್ಚು. ಹಾಗಾದರೆ ಕೆಲಸಕ್ಕೆ ಹೋಗುವುದು ಯಾವಾಗ? ಇಷ್ಟು ಗಂಟೆ ಒಂದು ಕಸುಬು ಕಲಿತಿದ್ದರೆ ಈಗ ಸ್ವಂತ ಅಂಗಡಿ ಇಡಬಹುದಿತ್ತು. ಮೂಗು ತೂರಿಸಿದೆ ಅನಿಸಿದರೆ ಅನಿಸಲಿ.

ಒಂದು ಮಾತ್ರ ಚಂದ ಕಂಡಿತು. ಗೇಮಿನಲ್ಲಿ ಡ್ರೈವರಿನ ಹೆಸರು ಅಂತ ಬರೆಯುವಲ್ಲಿ ಅವನು ತನ್ನ ಹೆಸರು ಹಾಕಿಲ್ಲ. ‘ಮಂಜಯ್ಯ’ ಎಂದು ಹಾಕಿದ್ದಾನೆ. ಸೋಮಾರಿಯಾದರೂ ಮಾವನ ಮೇಲೆ ಪ್ರೀತಿ ಇದೆ.

ಸೌಮ್ಯಶ್ರೀ

*

ಬ್ರಹ್ಮಾವರ
10 ಜುಲೈ 2024

ಸೌಮ್ಯಶ್ರೀ ಅವರಿಗೆ,

ಎಣ್ಣೆ ಹಚ್ಚಿದ್ದು ನಾನು. ನಮ್ಮ ಕಡೆ ಗಾಳಿಯಲ್ಲೇ ಉಪ್ಪು. ಶೆಡ್ಡಿನಲ್ಲಿ ಬಸ್ಸಿನ ತಗಡಿಗೆ ಮಳೆಗಾಲಕ್ಕೆ ಮುಂಚೆ ಎಣ್ಣೆ ಒರೆಸುವುದು ಕ್ರಮ. ಕಂಪ್ಯೂಟರಿಗೂ ಒಳ್ಳೆಯದೇ ಆದೀತು ಅಂದುಕೊಂಡೆ. ತಪ್ಪಾಯಿತು.

ಮಿಥುನನಿಗೆ ಮಧ್ಯಾಹ್ನದ ಮೇಲೆ ಪಾಳಿ, ಅದಕ್ಕೇ ಆ ಹೊತ್ತಿಗೆ ಆಡುವುದು. ಸೋಮಾರಿ ಏನಲ್ಲ. ನಿಮ್ಮ ಮಾತನ್ನು ಅವನಿಗೆ ಹೇಳಿದೆ. ತಲೆ ತಗ್ಗಿಸಿ ಕೇಳಿದ.

ಪ್ರೊಸೆಸರ್ ಹಾಕುವುದೋ ಬಿಡುವುದೋ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ, ಅಂದರೆ ಯೋಚಿಸುತ್ತಿದ್ದಾನೆ. ಹಾಕಿದರೆ ಆಟ ಇನ್ನೂ ಹೆಚ್ಚಾದೀತು ಎಂಬ ಹೆದರಿಕೆ ಒಂದು ಕಡೆ. ಹಾಕದಿದ್ದರೆ ಪ್ರತಿ ಸಲ ಪೇಟೆಯಲ್ಲಿ ಯಾರಿಗಾದರೂ ಗುದ್ದುವುದು ತಪ್ಪುವುದಿಲ್ಲ. ಆಟವೇ ಆದರೂ ಗುದ್ದಿದ ಮೇಲೆ ಊಟ ಸೇರುವುದಿಲ್ಲ. ಒಂದು ವಿಷಯ ನೋಡಿ ಹೇಳಿ. ದೊಡ್ಡ ಪ್ರೊಸೆಸರ್ ಹಾಕಿದರೆ ಎಡಗಡೆಯಿಂದ ಬರುವವರು ಮೊದಲೇ ಕಾಣುತ್ತಾರೆಯೇ? ಅಷ್ಟು ಖಾತ್ರಿ ಕೊಟ್ಟರೆ ಹಾಕಿಬಿಡಿ.

ಮಂಜಯ್ಯ

*

ಬೈಂದೂರು
20 ಜುಲೈ 2024

ಶೆಟ್ರೆ,

ನಾನು ಹಾಕುವುದಿಲ್ಲ.

ಪ್ರೊಸೆಸರ್ ಮೇಜಿನ ಮೇಲೇ ಇದೆ, ಕೂರಿಸಲು ಹತ್ತು ನಿಮಿಷ ಸಾಕು. ಆದರೆ ನನ್ನ ತಮ್ಮ ಕೌಶಲ್ ಇದೇ ಥರ ಮೂರು ವರ್ಷ ಕೋಣೆಯೊಳಗೆ ಕೂತು ಆಡಿದ. ಅವನ ಯಂತ್ರಕ್ಕೆ ಬೇಕಾದ್ದನ್ನೆಲ್ಲ ತಂದು ಹಾಕಿಕೊಟ್ಟದ್ದು ನಾನೇ, ಅಕ್ಕ ಅಂಗಡಿ ಇಟ್ಟಿದ್ದಾಳಲ್ಲ. ಡಿಗ್ರಿ ಹೋಯಿತು. ಒಂದು ದಿನ ಸಿಟ್ಟು ಬಂದು ನೆಂಟರ ಎದುರೇ ಬೈದೆ. ಅವತ್ತು ಮನೆ ಬಿಟ್ಟು ಹೋದವನು ಮುಂಬೈಯಲ್ಲಿ ಎಲ್ಲೋ ಇದ್ದಾನೆ, ನನ್ನ ಫೋನ್ ಎತ್ತುವುದಿಲ್ಲ. ಇನ್ನೊಬ್ಬರ ಮನೆಗೆ ಅದೇ ಸಾಮಾನು ಕಳಿಸಲು ನನ್ನಿಂದಾಗದು.

ನಿಮ್ಮ ಅಳಿಯನನ್ನೇ ಇಲ್ಲಿಗೆ ಕಳಿಸಿ. ಅವನೇ ಬಾಯಿಬಿಟ್ಟು ಕೇಳಲಿ. ಮಾವನ ಬೆನ್ನ ಹಿಂದೆ ಅಡಗುವುದು ಬೇಡ. ಸತ್ಯ ಹೇಳಬೇಕಾದಲ್ಲಿ ಹೇಳುವವಳು ನಾನು, ಮೊನ್ನೆಯೂ ಒಂದು ಕಡೆ ಹೇಳಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಸೌಮ್ಯಶ್ರೀ

*

ಬ್ರಹ್ಮಾವರ
2 ಆಗಸ್ಟ್ 2024

ಅಮ್ಮಾ,

ಡಬ್ಬಿಯನ್ನು ಹೇಗಿದೆಯೋ ಹಾಗೆ ವಾಪಸ್ ಕಳಿಸಿ. ರಿಪೇರಿ ಕೇಳಿದೆ, ಬುದ್ಧಿವಾದ ಕೇಳಲಿಲ್ಲ.

ಸಿಟ್ಟಿನಲ್ಲಿ ಬರೆದೆ. ಆ ಸಾಲನ್ನು ಹೊಡೆದು ಹಾಕಲು ಮನಸ್ಸಾಗಲಿಲ್ಲ, ಇರಲಿ. ಮನೆಯಲ್ಲಿ ಯಾರಿಗೂ ಮನಸ್ಸು ಸರಿಯಿಲ್ಲ. ನಿಮ್ಮ ಕಡೆಯ ಉಪ್ಪುಂದದಿಂದ ಮಿಥುನನಿಗೆ ಒಂದು ಸಂಬಂಧ ಬಂದಿತ್ತು. ಅಣ್ಣಯ್ಯ ಶೆಟ್ಟರೆಂದು ಇದ್ದಾರೆ, ಅವರ ಸೊಸೆ ಅಮಿತಾ, ಅಂದರೆ ಅವರ ತಂಗಿಯ ಮಗಳು. ಕುಂಭಾಶಿಯ ದೇವಸ್ಥಾನದಲ್ಲಿ ಹುಡುಗ ಹುಡುಗಿ ನೋಡಿ ಒಪ್ಪಿದ್ದರು. ನಮ್ಮಲ್ಲಿ ಸೋದರಮಾವ ಮಾತು ಕೊಡುವುದು ಕ್ರಮ. ಶುಭಕಾರ್ಯಕ್ಕೆ ಆಗದ ಆಟಿ ತಿಂಗಳು ಕಳೆದ ಮೇಲೆ ಬನ್ನಿ ಎಂದು ನಾನೇ ಅವರ ಕೈಹಿಡಿದು ಹೇಳಿದ್ದೆ. ಈಗ ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಮೊದಲು ಕೂಡಿದ್ದ ಜಾತಕ ಈಗ ಹೇಗೆ ಕೂಡದೆ ಹೋಯಿತು ಅಂತ ಅಕ್ಕನಿಗೆ ಅರ್ಥವೇ ಆಗಿಲ್ಲ.

ಮಿಥುನ ಏನೂ ಹೇಳುವುದಿಲ್ಲ. ದಿನಾ ಹೋಗಿ ಬರುತ್ತಾನೆ. ಅವನಿಗೆ ಆ ಹುಡುಗಿ ಇಷ್ಟವಾಗಿದ್ದಳು. ಸಣ್ಣ ಪ್ರಾಯದಿಂದ ಎತ್ತಿ ಆಡಿಸಿದವನು ನಾನು, ಅಷ್ಟು ನನಗೆ ಗೊತ್ತಾಗುತ್ತದೆ.

ಮಂಜಯ್ಯ

*

ಬೈಂದೂರು
5 ಆಗಸ್ಟ್ 2024

ಶೆಟ್ರೆ,

ನಿಮ್ಮ ಕಾಗದ ಓದಿ ಅಂಗಡಿಯ ಬಾಗಿಲು ಎಳೆದು ಕೂತೆ.

ಜುಲೈ ಹದಿನೆಂಟಕ್ಕೆ ಅಣ್ಣಯ್ಯ ಶೆಟ್ಟರು ನನ್ನ ಅಂಗಡಿಗೆ ಬಂದಿದ್ದರು. ಇಲ್ಲಿ ಜೆರಾಕ್ಸ್ ಕೂಡ ಇದೆ. ಹುಡುಗನ ವಿವರ ಬರೆದಿದ್ದ ಹಾಳೆಯನ್ನು ಮನೆಯವರಿಗೆ ಹಂಚಲು ನಾಲ್ಕು ಪ್ರತಿ ಬೇಕೆಂದರು. ಮಿಥುನ್ ಶೆಟ್ಟಿ, ಬ್ರಹ್ಮಾವರ, ಕೋಟೇಶ್ವರದಲ್ಲಿ ಹೋಟೆಲ್ ಮ್ಯಾನೇಜರ್, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು. ಸೋದರಮಾವ ಮಂಜಯ್ಯ ಶೆಟ್ಟಿ. ಅದೇ ಹೆಸರಿನ ಡಬ್ಬಿ ನನ್ನ ಕಾಲ ಬಳಿ ಇತ್ತು. ಮಧ್ಯಾಹ್ನದ ಪಾಳಿ ಎಂದು ಅವನು ನಿಮಗೂ ಸುಳ್ಳು ಹೇಳಿದ್ದಾನೆ ಅಂದುಕೊಂಡೆ.

ಅವರೇ ಕೇಳಿದರು: “ನಿಮ್ಗ್ ಗೊತ್ತಿತ್ತಾ ಈ ಗಂಡ್?” ನಾನು ಹೇಳಿದೆ. ಗಂಟೆಯ ಲೆಕ್ಕ ಹೇಳಿದೆ. ಹನ್ನೊಂದು ಗಂಟೆಗೆ ಹೋಟೆಲಿನಲ್ಲಿ ಇರಬೇಕಾದವನು ಮನೆಯಲ್ಲಿ ಗೇಮು ಆಡುತ್ತಿರುತ್ತಾನೆ ಎಂದೆ. ಯೋಚನೆ ಮಾಡಿ ಹೆಣ್ಣು ಕೊಡಿ ಎಂದೂ ಸೇರಿಸಿದೆ. ಅಮಿತಾ ನನಗೆ ಗುರುತಿನ ಹುಡುಗಿ, ಒಳ್ಳೆಯದಾಗಲಿ ಅಂತಲೇ ಹೇಳಿದ್ದು.

ಇದನ್ನು ಕಳೆದ ಕಾಗದದಲ್ಲೇ ತಿಳಿಸಬೇಕಿತ್ತು. ಧೈರ್ಯ ಬರಲಿಲ್ಲ, ಸತ್ಯ ಹೇಳುವವಳು ಎಂದು ದೊಡ್ಡದಾಗಿ ಬರೆದು ಸುಮ್ಮನಾದೆ. ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ, ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಎಲ್ಲ ನೀವೇ ಬರೆದದ್ದು, ನಾನೇ ಯಂತ್ರದಲ್ಲಿ ಕಂಡದ್ದು.

ಸೌಮ್ಯಶ್ರೀ

*

ಬೈಂದೂರು
24 ಆಗಸ್ಟ್ 2024

ಶೆಟ್ರೆ,

ಹತ್ತೊಂಬತ್ತು ದಿನವಾಯಿತು. ಚಂದುವಿನ ಹತ್ತಿರ ದಿನಾ ಕೇಳುತ್ತೇನೆ. “ಇಲ್ಲೆ ಅಕ್ಕ, ಎಂತದೂ ಕೊಡ್ಲಿಲ್ಲೆ. ಸ್ಟ್ಯಾಂಡಿಗೂ ಬತ್ತಿಲ್ಲೆ ಈಗ” ಎನ್ನುತ್ತಾನೆ. ಬೈಯುವುದಿದ್ದರೆ ಬೈದು ಬರೆಯಿರಿ. ಡಬ್ಬಿಯನ್ನು ಕಳಿಸಬೇಕೋ ಬೇಡವೋ ಅದನ್ನಾದರೂ ತಿಳಿಸಿ.

ಸೌಮ್ಯಶ್ರೀ

*

ಬ್ರಹ್ಮಾವರ
1 ಸೆಪ್ಟೆಂಬರ್ 2024

ಸೌಮ್ಯಶ್ರೀ ಅವರಿಗೆ,

ಬೈಯುವ ಮುಖ ನನಗಿಲ್ಲ. ಇದನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಬಚ್ಚಲೊಲೆಗೆ ಹಾಕಿದ್ದೇನೆ.

ಆ ಗೇಮು ಆಡುವುದು ಮಿಥುನನಲ್ಲ, ನಾನು. ಸಾವಿರದ ನೂರ ನಲವತ್ತು ಗಂಟೆಯೂ ನನ್ನದೇ. ಅವನಿಗೆ ಮಧ್ಯಾಹ್ನದ ಪಾಳಿ ಎಂಬುದು ಸುಳ್ಳು, ಒಂಬತ್ತಕ್ಕೆ ಹೋಟೆಲಿನಲ್ಲಿರುತ್ತಾನೆ. ನಿಮ್ಮ ಮಾತು ಅವನಿಗೆ ಹೇಳಿದೆ, ತಲೆ ತಗ್ಗಿಸಿ ಕೇಳಿದ ಎಂದು ಬರೆದೆನಲ್ಲ, ತಗ್ಗಿಸಿದ್ದು ನನ್ನ ತಲೆ. ಹತ್ತೂವರೆಗೆ ಅಕ್ಕ ಸ್ವಸಹಾಯ ಸಂಘದ ಕೆಲಸಕ್ಕೆ ಹೋಗುತ್ತಾಳೆ. ಅವಳ ಕೊಡೆ ಗೇಟು ದಾಟಿದ ಮೇಲೆ ನಾನು ಒಳಕೋಣೆಗೆ ಹೋಗುತ್ತೇನೆ. ಗೇಟಿನ ಸದ್ದಾದರೆ ಎಲ್ಲ ಆರಿಸಿ ಪೇಪರು ಹಿಡಿದು ಜಗಲಿಯಲ್ಲಿ ಕೂರುತ್ತೇನೆ. ಅರವತ್ತೊಂದು ವರ್ಷದ ಗಂಡಸು ಕದ್ದು ಬೆಲ್ಲ ತಿಂದ ಮಗುವಿನ ಹಾಗೆ ಬಾಯಿ ಒರೆಸಿಕೊಳ್ಳುತ್ತೇನೆ.

ಇನ್ನೊಂದು ಸುಳ್ಳಿದೆ, ಅದು ಇದಕ್ಕಿಂತ ಹಳೆಯದು. ಸಾಕೆನಿಸಿ ಬಸ್ ಬಿಟ್ಟದ್ದಲ್ಲ. ಕುಂಭಾಶಿಯ ಹತ್ತಿರ ಆನೆಗುಡ್ಡೆ ದೇವಸ್ಥಾನಕ್ಕೆ ಹೂ ತರುವ ಒಬ್ಬ ಹೆಂಗಸು ಎಡಗಡೆಯಿಂದ ರಸ್ತೆಗೆ ಇಳಿದಿದ್ದಳು. ನನಗೆ ಕಾಣಲೇ ಇಲ್ಲ. ಚಂದು ಬಸ್ಸಿನ ತಗಡಿಗೆ ಬಡಿದು ಕಿರುಚಿದ, ನಾನು ಬ್ರೇಕ್ ತುಳಿದೆ. ಚಕ್ರದಡಿಗೆ ಹೋದದ್ದು ಹೂವಿನ ಬುಟ್ಟಿ ಮಾತ್ರ. ಇಡೀ ಬಸ್ಸಿನಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ಎಲ್ಲರೂ ಅವಳನ್ನೇ ಬೈದರು. ನಾನೂ ಕಿಟಕಿಯಿಂದ ತಲೆ ಹಾಕಿ ಬೈದೆ. ಸಂಜೆ ಬೀಗದಕೈಯನ್ನು ಮಾಲೀಕರ ಮೇಜಿನ ಮೇಲಿಟ್ಟು ಸುಸ್ತಾಗಿದೆ ಎಂದೆ. ಆಮೇಲೆ ಗುಟ್ಟಿನಲ್ಲಿ ಡಾಕ್ಟರಿಗೆ ತೋರಿಸಿದೆ. ಎರಡೂ ಕಣ್ಣಿನ ಬದಿಯ ದೃಷ್ಟಿ ಹೋಗಿದೆಯಂತೆ, ಹೋದದ್ದು ಬರುವುದಿಲ್ಲವಂತೆ. ಎದುರಿಗಿರುವುದು ಮಾತ್ರ ಕಾಣುತ್ತದೆ. ಎಷ್ಟು ದಿನ ಹಾಗೆ ಐವತ್ತು ಜನರನ್ನು ಕೂರಿಸಿಕೊಂಡು ಓಡಿಸಿದೆನೋ ಯಾರಿಗೆ ಗೊತ್ತು.

ಮಿಥುನ ಹೊಸ ಲ್ಯಾಪ್‌ಟಾಪ್ ತಂದಾಗ ಹಳೆಯ ಕಂಪ್ಯೂಟರಿನಲ್ಲಿ ಈ ಗೇಮು ಹಾಕಿ, ನನ್ನ ಹೆಸರು ಬರೆದು, “ಮಾವ, ನೀವೇ ಒಂದ್ ಟ್ರಿಪ್ ಹೊಡಿನಿ” ಎಂದ. “ಮಕ್ಳಾಟ ಆಡುಕೆ ನಂಗೆಂತ ಅರಳು ಮರಳಾ?” ಎಂದು ಅವನನ್ನು ಗದರಿದೆ. ಮರುದಿನವೇ ಕದ್ದು ಕೂತೆ. ಅದರಲ್ಲಿ ಎರಡೂ ಕನ್ನಡಿ ಕಣ್ಣಿನ ಎದುರೇ ಇರುತ್ತವೆ, ತಲೆ ತಿರುಗಿಸಬೇಕಾಗಿಲ್ಲ. ಎಡಗಡೆಯಿಂದ ಬರುವವರು ನನಗೆ ಕಾಣುತ್ತಾರೆ. ಪೇಟೆಯಲ್ಲಿ ಚಿತ್ರ ನಿಂತಾಗ ಮಾತ್ರ ಮತ್ತೆ ಕುಂಭಾಶಿಯೇ ಆಗುತ್ತದೆ. ಪ್ರೊಸೆಸರ್ ಕೇಳಿದ್ದು ಅದಕ್ಕೆ.

ಇಷ್ಟನ್ನು ಜುಲೈಯಲ್ಲೇ ಬರೆದಿದ್ದರೆ ಹುಡುಗನ ಮದುವೆ ಮುರಿಯುತ್ತಿರಲಿಲ್ಲ. ಗೇಮು ಆಡುವ ಮುದುಕ ಎಂದು ಒಬ್ಬ ಅಪರಿಚಿತ ಹೆಂಗಸಿಗೆ ಗೊತ್ತಾಗಬಾರದು ಎಂದು ನನ್ನ ಅಳಿಯನ ಹೆಸರು ಕೊಟ್ಟೆ. ಮಾತು ಕೊಡಬೇಕಾದ ಸೋದರಮಾವ ನಾನು.

ಅಣ್ಣಯ್ಯ ಶೆಟ್ಟರಿಗೆ ನೀವೇ ತಿಳಿಸಿ. ನನ್ನಿಂದ ಆಗುವುದಿಲ್ಲ.

ಮಂಜಯ್ಯ

*

ಬೈಂದೂರು
4 ಸೆಪ್ಟೆಂಬರ್ 2024

ಶೆಟ್ರೆ,

ನಿನ್ನೆ ಉಪ್ಪುಂದಕ್ಕೆ ಹೋಗಿ ಅಣ್ಣಯ್ಯ ಶೆಟ್ಟರಿಗೆ ಎಲ್ಲ ಹೇಳಿದೆ. ಅವರು ನಂಬಲಿಲ್ಲ.

“ಸುಳ್ಳ್ ಹೇಳ್ಸುಕೆ ನಿಮ್ಮನ್ನ್ ಕಳ್ಸಿದ್ರಾ? ನಾವ್ ಸುಮ್ನೆ ಬಿಟ್ಟದ್ದಲ್ಲ ಮಾರಾಯ್ರೆ. ಆ ಗಂಡಿನ ಹತ್ರವೇ ಫೋನ್ ಮಾಡಿ ಕೇಂಡಿತ್. ‘ನಿಮ್ಮನಿ ಕಂಪ್ಯೂಟರಲ್ಲಿ ಬಸ್ ಗೇಮ್ ಆಡುದ್ ಯಾರ್’ ಅಂತ. ‘ಬಸ್ ಗೇಮಾ’ ಅಂತ ಕೇಂಡ. ಮತ್ತೆ, ‘ನಾನೇ. ಇನ್ನ್ ಬಿಡ್ತೆ’ ಅಂದ. ಅವನ್ ಬಾಯಲ್ಲೇ ಒಪ್ಪಿದ್ ಮೇಲೆ ಇನ್ನೆಂತ ವಿಚಾರ್ಸುದ್?”

ಅವರು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ. ನಿಮ್ಮ ಅಳಿಯನಿಗೆ ಎಲ್ಲ ಗೊತ್ತಿತ್ತು ಶೆಟ್ರೆ. ಮೊದಲಿನಿಂದಲೂ.

ನಾನು ಕಣ್ಣಾರೆ ನೋಡದವನಿಗೆ ಸೋಮಾರಿ ಎಂದು ಹಣೆಪಟ್ಟಿ ಕಟ್ಟಿದೆ. ಅವನು ಅದನ್ನು ಬಿಚ್ಚಲಿಲ್ಲ.

ಸೌಮ್ಯಶ್ರೀ

*

ಬ್ರಹ್ಮಾವರ
8 ಸೆಪ್ಟೆಂಬರ್ 2024

ಸೌಮ್ಯಶ್ರೀ ಅವರಿಗೆ,

ನಿನ್ನೆ ಚೌತಿ. ಮಿಥುನ ನನ್ನ ಎದುರೇ ಕೂತು ಉಂಡ. ಕಡುಬು ನನ್ನ ಎಲೆಗೆ ಅವನೇ ಹಾಕಿದ, “ಸಮಾ ಉಣ್ಣಿ ಮಾವ” ಎಂದ. ಇಷ್ಟು ವಾರ ಹೀಗೇ ಉಂಡಿದ್ದಾನೆ. ಅಕ್ಕ ಜಾತಕವನ್ನು ಶಪಿಸುವಾಗ ಸುಮ್ಮನೆ ಕೈ ತೊಳೆದು ಎದ್ದು ಹೋಗುತ್ತಿದ್ದ. ಕಂಪ್ಯೂಟರ್ ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ. ಅದು ಯಾಕೆಂದು ಈಗ ಗೊತ್ತಾಯಿತು. ಕಡುಬನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮಂಗಳವಾರ ಹನ್ನೊಂದಕ್ಕೆ ನಾನೇ ಬರುತ್ತೇನೆ. ಡಬ್ಬಿಯನ್ನು ಜೋಡಿಸಿಡಿ. ಹಳೆಯ ಪ್ರೊಸೆಸರೇ ಇರಲಿ, ಏನೂ ಮುಟ್ಟಬೇಡಿ. ಅಣ್ಣಯ್ಯ ಶೆಟ್ಟರನ್ನು ಬರಹೇಳಿ. ಬಾಯಿಮಾತು ನಂಬದಿದ್ದರೆ ಕಣ್ಣಿಂದ ನೋಡಲಿ.

ಮಂಜಯ್ಯ

*

ಬೈಂದೂರು
12 ಸೆಪ್ಟೆಂಬರ್ 2024

ಶೆಟ್ರೆ,

ಮೊನ್ನೆ ಬಂದಿರಿ, ನನ್ನ ಮುಖ ನೋಡದೆ ಹೋದಿರಿ. ನಾನೂ ನೋಡಲಿಲ್ಲ. ಅಂಗಡಿಯಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಅಣ್ಣಯ್ಯ ಶೆಟ್ಟರು ಅಮಿತಾಳನ್ನೂ ಕರೆತಂದದ್ದು ನನಗೆ ಮೊದಲು ಗೊತ್ತಿರಲಿಲ್ಲ. ಅವಳನ್ನು ಕಂಡು ನೀವು ಬಾಗಿಲಲ್ಲೇ ನಿಂತದ್ದು ನೋಡಿ, ತಿರುಗಿ ಹೋಗುತ್ತೀರಿ ಎಂದುಕೊಂಡೆ. ಹೋಗಲಿಲ್ಲ. ಸ್ಟೂಲು ಎಳೆದು ಕೂತಿರಿ. ಜೆರಾಕ್ಸಿಗೆ ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ನಕ್ಕರು. ನಿಮ್ಮ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು.

ಬಸ್ಸು ತೆರೆಯ ಮೇಲೆ ಬಂದಾಗ ನೀವು ಕೀಬೋರ್ಡನ್ನು ಬಲಗೈಯಿಂದ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿರಿ. ನಮ್ಮ ಲೈನಿನ ಡ್ರೈವರುಗಳು ಬೆಳಿಗ್ಗೆ ಸ್ಟೀರಿಂಗ್ ಮುಟ್ಟಿ ಮಾಡುವ ಹಾಗೆ. ಬೇಕೆಂದು ಮಾಡಿದ್ದಲ್ಲ, ನಿಮಗೆ ಅದು ಗೊತ್ತೂ ಆಗಲಿಲ್ಲ. ಅಣ್ಣಯ್ಯ ಶೆಟ್ಟರು ಅಲ್ಲಿಗೇ ನಂಬಿದರು. ಅಮಿತಾ ಕೂಡ. ನನ್ನ ಮುಖ ನೋಡಿ ತಲೆಯಾಡಿಸಿದಳು.

ಆದರೆ ಯಾರೂ ನಿಮ್ಮನ್ನು ನಿಲ್ಲಿಸಲಿಲ್ಲ. ನೀವು ಪೇಟೆಯವರೆಗೆ ಓಡಿಸಿದಿರಿ. ನಿಲ್ಲುವಲ್ಲಿ ಚಿತ್ರ ನಿಂತಿತು. ನೀವು ಕಣ್ಣು ಮುಚ್ಚಿದಿರಿ. ಮತ್ತೆ ಹೊರಟಾಗ ಯಾರಿಗೋ ಗುದ್ದಿ ಆಗಿತ್ತು. ಆಗ ಅಣ್ಣಯ್ಯ ಶೆಟ್ಟರು ನಿಮ್ಮ ಹೆಗಲ ಮೇಲೆ ಕೈಯಿಟ್ಟು, “ಸಾಕ್ ಶೆಟ್ರೆ, ಏಳಿ” ಎಂದರು. ನೀವು ಎದ್ದು, ಯಾರನ್ನೂ ನೋಡದೆ, “ಹುಡ್ಗ ಒಳ್ಳೆಯವ, ಸುಳ್ಳ್ ಹೇಳಿದ್ ನಾನ್” ಎಂದು ಹೇಳಿ ರಸ್ತೆ ದಾಟಿ ಬಸ್ ಹತ್ತಿದಿರಿ. ದಾಟುವಾಗ ತಲೆಯನ್ನು ಇಡೀ ಎಡಕ್ಕೆ ತಿರುಗಿಸಿ ನೋಡಿದಿರಿ.

ನೀವು ಹೋದ ಮೇಲೆ ಪ್ರೊಸೆಸರ್ ಹಾಕಿದೆ. ಕೇಳದೆ ಹಾಕಿದ್ದು, ಬೇಡವಾದರೆ ವಾಪಸ್ ಕಳಿಸಿ. ಪೇಟೆಯಲ್ಲಿ ಮೂರು ಸಲ ಓಡಿಸಿ ನೋಡಿದೆ, ಎಲ್ಲಿಯೂ ನಿಲ್ಲಲಿಲ್ಲ. ಎಡಗಡೆಯಿಂದ ಬರುವವರು ಕಾಣುತ್ತಾರೆ. ಜುಲೈಯಲ್ಲಿ ಖಾತ್ರಿ ಕೇಳಿದ್ದಿರಿ, ಈಗ ಕೊಡುತ್ತಿದ್ದೇನೆ.

ಡಬ್ಬಿಯನ್ನು ಚಂದುವಿನ ಬಸ್ಸಿಗೆ ಹಾಕುತ್ತೇನೆ. ಮಿಥುನನ ಹೆಸರಿನ ಚೀಟಿ ಕಿತ್ತು ತೆಗೆದಿದ್ದೇನೆ. ನಿಮ್ಮ ಹೆಸರನ್ನು ದೊಡ್ಡದಾಗಿ ಬರೆದು, ಕೆಳಗೆ ‘ಗೇಮಿಂಗ್ ಕಂಪ್ಯೂಟರ್, ಜೋಪಾನ’ ಎಂದು ಹಾಕಿದ್ದೇನೆ. ಸಂಕೋಚವಾದರೆ ಹರಿದು ಹಾಕಲು ಚಂದುವಿಗೆ ಹೇಳಿ.

ಕೌಶಲನಿಗೆ ಒಂದು ಕಾಗದ ಬರೆದಿದ್ದೇನೆ. ವಿಳಾಸ ಹುಡುಕುತ್ತಿದ್ದೇನೆ.

ಸೌಮ್ಯಶ್ರೀ

*

ಬ್ರಹ್ಮಾವರ
22 ಸೆಪ್ಟೆಂಬರ್ 2024

ಸೌಮ್ಯಶ್ರೀ ಅವರಿಗೆ,

ಡಬ್ಬಿ ಬಂದು ಮುಟ್ಟಿದೆ. ಚೀಟಿ ಹರಿಯಲು ಚಂದುವಿಗೆ ಹೇಳಲಿಲ್ಲ. ಹೇಳಬೇಕೆಂದು ಫೋನ್ ಎತ್ತಿ ಇಟ್ಟದ್ದು ಹೌದು.

ಅವನಾದರೂ ಮೆಲ್ಲಗೆ ಕೊಡುವವನೇ? ಬಸ್ಸಿನ ಬಾಗಿಲಲ್ಲಿ ನಿಂತು ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ, “ಹ್ವಾಯ್ ಮಂಜಯ್ಯಣ್ಣ, ನಿಮ್ ಗೇಮಿನ್ ಡಬ್ಬಿ ಬಂತ್!” ಎಂದು ಕೂಗಿದ. ನನ್ನ ಕಾಲದ ಡ್ರೈವರುಗಳು ನಾಲ್ಕು ಜನ ಚಾ ಕುಡಿಯುತ್ತಿದ್ದರು. ಒಬ್ಬ, “ಎಂತ ಗೇಮ್ ಶೆಟ್ರೆ?” ಎಂದ. “ಬಸ್ಸಿಂದ್. ಕಣ್ಣ್ ಕಾಂತಿಲ್ಲೆ ನಂಗೆ, ಹಾಂಗಾಯಿ ಬಿಟ್ಟದ್ ಲೈನ್. ಈಗ ಅದ್ರಲ್ಲಿ ಓಡ್ಸ್ತೆ” ಎಂದೆ. ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಅಷ್ಟೇ ಮಾತಿನಲ್ಲಿ ಮುಗಿಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತೋ ಏನೋ. ಡಬ್ಬಿ ಹೊತ್ತು ಮನೆಗೆ ಬಂದೆ.

ಅಕ್ಕನಿಗೆ ಎಲ್ಲ ಹೇಳಿದ್ದೇನೆ. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ನನ್ನನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಣ್ಣಯ್ಯ ಶೆಟ್ಟರು ಅವಳಿಗೆ ಫೋನ್ ಮಾಡಿದ್ದರು, ಪಿತೃಪಕ್ಷ ಕಳೆದು ನವರಾತ್ರಿಯಲ್ಲಿ ಬರುತ್ತಾರಂತೆ. ಮಾತು ಕೊಡುವುದಕ್ಕೆ ಸೋದರಮಾವ ಇರಲೇಬೇಕು ಎಂದರಂತೆ. ಯಾವ ಬಾಯಲ್ಲಿ ಕೊಡುವುದೋ ನನಗೆ ತಿಳಿಯದು.

ಮಿಥುನನ ಹತ್ತಿರ ಮಾತ್ರ ಇನ್ನೂ ಬಾಯಿ ಬಂದಿಲ್ಲ. ಡಬ್ಬಿಯನ್ನು ಒಳಕೋಣೆಯಲ್ಲಿ ಇಡಲು ಹೋದೆ. ಅವನೇ ಅದನ್ನು ತಂದು ಚಾವಡಿಯಲ್ಲಿ, ಬಾಗಿಲಿಗೆ ಎದುರಾಗಿ, ಎಲ್ಲರಿಗೂ ಕಾಣುವಲ್ಲಿ ಜೋಡಿಸಿದ. ಡ್ರೈವರಿನ ಹೆಸರು ಹಾಗೆಯೇ ಇದೆಯಾ ಎಂದು ತೆರೆದು ನೋಡಿದ. ಚೀಟಿಯನ್ನು ಕೀಳಲಿಲ್ಲ.

ಅವನಿಗೆ ಬುಧವಾರ ರಜೆ. ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿಕೊಂಡು, ಒಂದು ಟ್ರಿಪ್ ಪೂರ್ತಿ ಓಡಿಸಿ, ದಾರಿಯಲ್ಲಿ ಹೇಳಬೇಕಾದ್ದನ್ನು ಹೇಳಬೇಕೆಂದಿದ್ದೇನೆ. ಓಡಿಸುವವನು ರಸ್ತೆಯನ್ನೇ ನೋಡಬೇಕು, ಪಕ್ಕದಲ್ಲಿ ಕೂತವರ ಮುಖ ನೋಡಬೇಕಾಗಿಲ್ಲ. ಅದೊಂದೇ ಧೈರ್ಯ ನನಗೆ.

ಮಂಜಯ್ಯ